ಪ್ರಸೂತಿ ಶಿಕ್ಷಣದಲ್ಲಿ ಪ್ರಗತಿಯ ಅಳತೆ

ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದ ಸ್ನಾತಕೋತ್ತರ ಪದವಿಗೆ ನಮ್ಮ ದೇಶದಲ್ಲಿ ಮೂರು ವರ್ಷಗಳ ಅವಧಿ ಗೊತ್ತಾಗಿದೆ. ಮೊದಲನೆಯ ವರ್ಷದವರು ಇಷ್ಟು ಬಲ್ಲವರು, ಮೂರನೆಯ ವರ್ಷದವರು ಇಷ್ಟು ಬಲ್ಲವರು ಎಂಬ ರೂಢಿಯೂ ಹೆರಿಗೆ ವಾರ್ಡುಗಳಲ್ಲಿ ನೆಲೆನಿಂತಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮವಾದರೋ ತನ್ನನ್ನು ಸಾಮರ್ಥ್ಯಾಧಾರಿತವೆಂದು ಕರೆದುಕೊಳ್ಳುತ್ತದೆ. ಈ ಹೆಸರಿಗೂ ನಡೆಗೂ ಎಷ್ಟರಮಟ್ಟಿಗೆ ಹೊಂದಿಕೆಯಿದೆಯೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

‘ರೆಸಿಡೆಂಟ್’ ಎಂಬ ಮಾತಿಗೆ ಆಸ್ಪತ್ರೆಯಲ್ಲಿಯೇ ವಾಸಿಸುವವನೆಂದು ಮೂಲಾರ್ಥ. 1889ರಲ್ಲಿ ಆರಂಭವಾದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ರೂಪಿಸಿದ ಪದ್ಧತಿಗೆ ವರ್ಷಗಳ ಗಡುವಿರಲಿಲ್ಲ. ಶಿಷ್ಯನು ಪಕ್ವನಾದನೆಂದು ಗುರುವಿಗೆ ತೋರಿದಾಗಲೇ ಬಿಡುಗಡೆ. ಮೇಲಕ್ಕೇರಲಾರದೆ ನಡುವೆಯೇ ಉಳಿದವರು ಬಹುಮಂದಿ. ನಿಶ್ಚಿತ ಅವಧಿಯು ಆ ಅನ್ಯಾಯವನ್ನು ತಪ್ಪಿಸಿತೆಂಬುದು ನಿಜ. ಆದರೆ ಗುರುವು ಹೇಳಬೇಕಾದ ಮಾತನ್ನು ಅದು ಪಂಚಾಂಗದ ಬಾಯಿಂದ ಹೇಳಿಸಿತು.

ಪಂಚಾಂಗಕ್ಕೆ ಜೊತೆಗಾರನೆಂದರೆ ದಾಖಲೆ ಪುಸ್ತಕ, ಅಂದರೆ ಲಾಗ್ ಬುಕ್ಕು. ನೋಡಿದ್ದು, ನೆರವಾದದ್ದು, ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು ಎಂದು ಅದು ಕೆಲಸವನ್ನು ವಿಂಗಡಿಸುತ್ತದೆ. ವಿಂಗಡಣೆ ತಕ್ಕುದೇ. ಆದರೆ ಅದು ಎಣಿಸುವುದು ಕೈಯ ಕೆಲಸವನ್ನು, ತೀರ್ಮಾನವನ್ನಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣವು 2015-16ರಲ್ಲಿ ಶೇಕಡಾ 23.6 ಇದ್ದುದು 2019-21ರಲ್ಲಿ 31.5ಕ್ಕೆ ಏರಿತು. ಇಂಥ ವಾರ್ಡಿನಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವುದು ಬೇಗ ಕೈವಶವಾಗುತ್ತದೆ. ಪುಸ್ತಕವೂ ಬೇಗ ತುಂಬುತ್ತದೆ. ನೋವು ತಿನ್ನುತ್ತಿರುವ ಹೆಣ್ಣಿನ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ಮಗುವಿನ ಹೃದಯಬಡಿತವನ್ನು ಮತ್ತೆ ಮತ್ತೆ ಆಲಿಸಿ, ಇನ್ನೂ ಕಾಯಬಹುದೆಂದು ನಿರ್ಣಯಿಸಿ, ಬೆಳಗಿನ ಜಾವ ಸಹಜ ಹೆರಿಗೆ ಮಾಡಿಸಿದವರ ಲೆಕ್ಕದಲ್ಲಿ ಬೀಳುವುದು ಒಂದೇ ಗೆರೆ: ‘ಸಹಜ ಹೆರಿಗೆ, ಒಂದು’. ಎತ್ತದ ಕತ್ತಿಗೆ ಅಲ್ಲಿ ಕಲಮೇ ಇಲ್ಲ. ಇಕ್ಕಳ ಹಾಕಿ ಹೆರಿಗೆ ಮಾಡಿಸುವುದೂ, ಕಾಲು ಮುಂದಾಗಿ ಬರುವ ಮಗುವನ್ನು ಇಳಿಸುವುದೂ ಅಪರೂಪವಾಗುತ್ತ ಬಂದಿವೆ. ಎರಡನೆಯದಕ್ಕೆ 2000ದಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗವೊಂದು ಮುಖ್ಯ ಕಾರಣ. ಹಿರಿಯರೇ ಮಾಡದುದನ್ನು ಕಿರಿಯರು ಯಾರಿಂದ ಕಲಿಯಬೇಕು?

ವರ್ಷಗಳು ಕಳೆದಂತೆ ಕಣ್ಣು ತಾನಾಗಿ ಪಳಗುತ್ತದೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ 2002ರಿಂದ 2005ರವರೆಗೆ 1620 ತಾಯಂದಿರಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗ ನಡೆಯಿತು. ಹೆರಿಗೆಯ ನಂತರದ ರಕ್ತಸ್ರಾವವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು, ಮಾತ್ರೆ ಕೊಟ್ಟವರು ಸಹಾಯಕ ದಾದಿಯರೇ ಹೊರತು ತಜ್ಞರಲ್ಲ. ರಕ್ತವನ್ನು ಅಳೆಯಲು ಅಲ್ಲಿ ಗುರುತು ಹಾಕಿದ ಪ್ಲಾಸ್ಟಿಕ್ ಹಾಳೆಯ ಚೀಲವನ್ನು ಬಳಸಲಾಯಿತು. ಅದರೊಡನೆ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಹೇಳುತ್ತಿದ್ದುದು ಹೊರಬಿದ್ದಿತು. ಅಂಥ ಚೀಲವನ್ನೇ ಮೊದಲ ಹೆಜ್ಜೆಯಾಗಿಟ್ಟುಕೊಂಡ ಚಿಕಿತ್ಸಾಕ್ರಮವು ಆಫ್ರಿಕದ ನಾಲ್ಕು ದೇಶಗಳಲ್ಲಿ ತೀವ್ರ ರಕ್ತಸ್ರಾವವೇ ಮೊದಲಾದ ಅಪಾಯಗಳನ್ನು ಶೇಕಡಾ 60ರಷ್ಟು ತಗ್ಗಿಸಿತೆಂದು 2023ರಲ್ಲಿ ವರದಿಯಾಯಿತು. ಹೀಗಿರಲು, ತನ್ನ ಕಣ್ಣನ್ನು ಶಂಕಿಸಲು ಕಲಿತವರನ್ನೇ ಮುಂದುವರಿದವರೆಂದು ನಾವು ಎಣಿಸುತ್ತೇವೆ. ದಾಖಲೆ ಪುಸ್ತಕಕ್ಕೆ ಈ ಗುಣ ಕಾಣಿಸದು.

ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳು ಸೇವೆ ಸಲ್ಲಿಸಬೇಕೆಂದು 2020ರ ತಿದ್ದುಪಡಿ ವಿಧಿಸಿತು. ಪಠ್ಯಕ್ರಮದಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದ ಅಂಶವಿದು. ಬೆಟಗೇರಿಯ ಜನ ಮಿಶನ್ನಿನವರ ಜರ್ಮನ್ ಆಸ್ಪತ್ರೆಯನ್ನು ಬಲ್ಲವರು. ಗದಗಿಗೆ ವೈದ್ಯಕೀಯ ಮಹಾವಿದ್ಯಾಲಯವಾದರೋ ಬಂದುದು 2015ರಲ್ಲಿ. ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ನಡುರಾತ್ರಿಯಲ್ಲಿ ಬರುವ ಬಸುರಿಯನ್ನು ಇಲ್ಲಿಯೇ ಇರಿಸಿಕೊಳ್ಳಬೇಕೋ ಹುಬ್ಬಳ್ಳಿಗೆ ಸಾಗಿಸಬೇಕೋ, ರಕ್ತ ಎಷ್ಟು ಹೊತ್ತಿಗೆ ದೊರಕೀತು ಎಂಬ ಪ್ರಶ್ನೆಗಳು ದೊಡ್ಡ ಆಸ್ಪತ್ರೆಯ ಕಲಿಕೆಯಲ್ಲಿ ಇಷ್ಟು ನೇರವಾಗಿ ಎದುರಾಗುವುದಿಲ್ಲ. ಆದರೆ ನಿಯಮವು ಕೇಳುವುದು ಆ ಅವಧಿಯನ್ನು ತೃಪ್ತಿಕರವಾಗಿ ಮುಗಿಸಿದುದಕ್ಕೆ ಪ್ರಮಾಣವನ್ನು. ಅದಿಲ್ಲದೆ ಅಂತಿಮ ಪರೀಕ್ಷೆಗೆ ಕೂಡುವಂತಿಲ್ಲ. ಹಾಜರಿಯೇ ತೃಪ್ತಿಯಾಗಿಬಿಡುವ ಅಪಾಯ ಇಲ್ಲಿದೆ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ವಿದ್ಯೆ ಕಲಿತು ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ; 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೂಲಗಿತ್ತಿಯ ಕಾಲವೇ ಸುಖಕರವಾಗಿತ್ತೆಂದು ನಾವು ಹೇಳುವುದಿಲ್ಲ. ಆಗ ಸತ್ತ ಬಾಣಂತಿಯರನ್ನು ಮರೆತವರು ಮಾತ್ರ ಹಾಗೆನ್ನಬಲ್ಲರು. ಆದರೂ ಒಂದು ಮಾತುಂಟು: ಬಾಣಂತಿ ಎದ್ದು ಓಡಾಡಿದಳೇ, ಮಗು ಮೊಲೆಯುಂಡಿತೇ ಎಂಬುದರಿಂದ ಊರು ಸೂಲಗಿತ್ತಿಯನ್ನು ಅಳೆಯುತ್ತಿದ್ದಿತು. ನಮ್ಮ ಪುಸ್ತಕದಲ್ಲಿ ಶಸ್ತ್ರಕ್ರಿಯೆಯ ಹೆಸರಿದೆ, ತಾರೀಖಿದೆ, ಮೇಲಧಿಕಾರಿಯ ರುಜುವಿದೆ. ತಾಯಿ ಮುಂದೆ ಏನಾದಳೆಂಬುದಿಲ್ಲ.

ಆದುದರಿಂದ ಪ್ರತಿಯೊಂದು ನಮೂದಿಗೂ ಇನ್ನೆರಡು ಕಲಮುಗಳನ್ನು ಸೇರಿಸಬೇಕೆಂಬುದು ನಮ್ಮ ಸೂಚನೆ. ತೀರ್ಮಾನ ಯಾರದು ಮತ್ತು ಏಕೆ ಎಂಬುದೊಂದು. ನಲವತ್ತೆರಡನೆಯ ದಿನ ತಾಯಿಮಗುವಿನ ಸ್ಥಿತಿ ಹೇಗಿತ್ತೆಂಬುದು ಇನ್ನೊಂದು. ಎರಡನೆಯದು ದುಸ್ಸಾಧ್ಯವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಶಿಶುವನ್ನು ನೋಡಲು ಆಶಾ ಕಾರ್ಯಕರ್ತೆ ಅದೇ ದಿನ ಆ ಮನೆಗೆ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಅವಳ ಕೈಯಲ್ಲಿರುವ ಚೀಟಿಯ ಒಂದು ಪ್ರತಿ ಆಸ್ಪತ್ರೆಗೆ ಮರಳಿದರೆ ಸಾಕು.