ನೆರವೇರಿಕೆಯ ಲೆಕ್ಕವೂ ಎಚ್ಚರಿಕೆಯ ಮಾತೂ: ಆಟ್‌ವುಡ್ ಅವರ ಗಿಲ್ಯಾದನ್ನು ಓದುವ ಬಗೆ

ಮಾರ್ಗರೆಟ್ ಆಟ್‌ವುಡ್ ಅವರ ‘ದ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿ 1985ರಲ್ಲಿ ಪ್ರಕಟವಾಯಿತು. ಅಮೆರಿಕದ ಗಣರಾಜ್ಯವನ್ನು ಉರುಳಿಸಿ, ದೇವರ ವಾಕ್ಯದ ಹೆಸರಿನಲ್ಲಿ ಸ್ತ್ರೀಯರನ್ನು ದಾಸ್ಯಕ್ಕೆ ದೂಡಿದ ಗಿಲ್ಯಾದ್ ಎಂಬ ರಾಜ್ಯದ ಕಥೆ ಅದು. 2017ರಲ್ಲಿ ಅಲ್ಲಿನ ಪ್ರತಿಭಟನಾಕಾರರು ಕಾದಂಬರಿಯ ದಾಸಿಯರ ಕೆಂಪು ನಿಲುವಂಗಿ ತೊಟ್ಟು ಶಾಸನಸಭೆಗೆ ಬಂದಂದಿನಿಂದ, ಲೇಖಕಿ ಬರೆದದ್ದು ನೆರವೇರಿತೇ ಇಲ್ಲವೇ ಎಂಬ ಚರ್ಚೆಯೇ ಕೃತಿವಿಮರ್ಶೆಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಡಿಸ್ಟೋಪಿಯ ಕಾದಂಬರಿಯನ್ನು ರಾಜಕೀಯ ಭವಿಷ್ಯವಾಣಿಯಾಗಿ ಓದುವ ಈ ಕ್ರಮವನ್ನು ವೇದಾಧ್ಯಯನದ ವಿದ್ಯಾರ್ಥಿಗಳಾದ ನಾವು ಪ್ರಶ್ನಿಸಬೇಕಾಗಿದೆ.

ಪ್ರವಾದನೆಯನ್ನು ನೆರವೇರಿಕೆಯಿಂದ ಅಳೆಯುವುದಕ್ಕೆ ಧರ್ಮೋಪದೇಶಕಾಂಡ 18:22 ಆಧಾರವೆಂಬುದು ನಿಜ. ಆದರೆ ಯೆರೆಮೀಯ 26ನೆಯ ಅಧ್ಯಾಯ ಇನ್ನೊಂದು ಅಳತೆಯನ್ನು ಮುಂದಿಡುತ್ತದೆ. ಯೆರೆಮೀಯನಿಗೆ ಮರಣದಂಡನೆಯಾಗಬೇಕೆಂಬ ಕೂಗೆದ್ದಾಗ ದೇಶದ ಹಿರಿಯರು ಮೀಕನನ್ನು ನೆನಪಿಸುತ್ತಾರೆ. ಅವನು ಚೀಯೋನಿನ ನಾಶವನ್ನು ಸಾರಿದನು, ಅರಸನಾದ ಹಿಜ್ಕೀಯನು ಯೆಹೋವನಿಗೆ ಭಯಪಟ್ಟನು, ಕೇಡು ತಪ್ಪಿತು. ನಾಶವಾಗಲಿಲ್ಲವೆಂದು ಹಿರಿಯರು ಮೀಕನನ್ನು ಸುಳ್ಳುಪ್ರವಾದಿಯೆನ್ನಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನಿನೆವೆಗೆ ಏನಾಗುವುದೋ ನೋಡೋಣವೆಂದು ಪಟ್ಟಣದ ಹೊರಗೆ ಕುಳಿತ ಯೋನನಲ್ಲಿ ನೆರವೇರಿಕೆಯನ್ನಷ್ಟೇ ಎಣಿಸುವ ಓದುಗನ ಚಿತ್ರವಿದೆ. ಅವನು ಪ್ರೇಕ್ಷಕನಾದನು, ಜನರ ಮಾನಸಾಂತರ ಅವನಿಗೆ ಸಿಟ್ಟನ್ನೇ ತಂದಿತು.

ಕಾದಂಬರಿಕಾರ್ತಿ ಪ್ರವಾದಿನಿಯಲ್ಲ, ದೈವಾಜ್ಞೆಯನ್ನು ಹೇಳಿಕೊಂಡವರೂ ಅಲ್ಲ. ಮನುಷ್ಯರು ಎಲ್ಲಿಯೋ ಎಂದೋ ಮಾಡಿರದ ಯಾವುದನ್ನೂ ತಾವು ಕಥೆಯೊಳಗೆ ತರಲಿಲ್ಲವೆಂದು ಆಟ್‌ವುಡ್ ಹೇಳಿದ್ದಾರೆ. ಹಾಗಾದರೆ ಇಂದಿನ ಘಟನೆಗಳು ಕೃತಿಯನ್ನು ಹೋಲುವುದು ಮುನ್ನೋಟದ ಪವಾಡವಲ್ಲ. ಹಳೆಯ ಪಾಪ ಮರುಕಳಿಸುತ್ತಿರುವುದರ ಗುರುತು.

ಆ ಪಾಪದಲ್ಲಿ ವೇದವ್ಯಾಖ್ಯಾನಕಾರರ ಪಾಲೂ ಇದೆ. ಗಿಲ್ಯಾದಿನಲ್ಲಿ ಸತ್ಯವೇದಕ್ಕೆ ಬೀಗ ಹಾಕಲಾಗಿದೆ, ಸ್ತ್ರೀಯರು ಓದುವಂತಿಲ್ಲ. ಆದಿಕಾಂಡ 30ರ ರಾಹೇಲ್ ಮತ್ತು ಬಿಲ್ಹಾಳ ವೃತ್ತಾಂತವನ್ನು ಮನೆಯ ಯಜಮಾನನೇ ಓದಿ, ಬಲಾತ್ಕಾರವನ್ನು ವಿಧಿಯಾಗಿಸುತ್ತಾನೆ. ಧನ್ಯವಾಕ್ಯಗಳಿಗೆ ಮೌನವಾಗಿರುವವರನ್ನು ಹೊಗಳುವ ಹುಸಿವಾಕ್ಯವೊಂದು ಸೇರಿಕೊಳ್ಳುತ್ತದೆ. ಅದು ಕೃತಕವೆಂದು ನಿರೂಪಕಿಗೆ ಗೊತ್ತು. ಪರೀಕ್ಷಿಸಲು ಗ್ರಂಥ ಅವಳ ಕೈಯಲ್ಲಿಲ್ಲ.

ಕೊನೆಯ ಭಾಗ 2195ರ ವಿದ್ವತ್ಸಭೆಯೊಂದರಲ್ಲಿ ನಡೆಯುತ್ತದೆ. ಗಿಲ್ಯಾದ್ ಅಳಿದುಹೋಗಿದೆ. ದಾಸಿಯ ಸಾಕ್ಷ್ಯವನ್ನು ಕುರಿತು ಮಾತಾಡುವ ಪ್ರಾಧ್ಯಾಪಕನು ಅದರ ಮೂಲ ಮತ್ತು ಕಾಲವನ್ನು ಚರ್ಚಿಸುತ್ತಾನೆ, ಹಾಸ್ಯ ಮಾಡುತ್ತಾನೆ, ನೈತಿಕ ತೀರ್ಪು ಬೇಡವೆನ್ನುತ್ತಾನೆ. ಅವಳ ನೋವಿಗಿಂತ ಯಜಮಾನನ ಕಾಗದಪತ್ರಗಳು ಸಿಗಲಿಲ್ಲವೆಂಬುದೇ ಅವನ ಕೊರಗು. ಭವಿಷ್ಯವಾಣಿಯನ್ನು ಹುಡುಕುವ ಓದುಗರು ಈ ಅಧ್ಯಾಯವನ್ನು ಸುಲಭವಾಗಿ ದಾಟಿಹೋಗುತ್ತಾರೆ. ಸೆಮಿನರಿಯ ಓದುಗರಿಗಂತೂ ಅದೇ ಅತ್ಯಂತ ತೀಕ್ಷ್ಣವಾದುದು. ಬಿಲ್ಹಾಳ ಕಥೆಯ ಮೂಲಾಧಾರಗಳನ್ನು ವಿಂಗಡಿಸಬಲ್ಲ ನಾವು ಬಿಲ್ಹಾಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದನ್ನು ಬೋಧಪೀಠದಿಂದ ಎಷ್ಟು ಸಲ ಹೇಳಿದ್ದೇವೆ? ಗಿಲ್ಯಾದ್ ಬರುವುದೋ ಇಲ್ಲವೋ ಎಂದು ಕಾಯುವುದಕ್ಕಿಂತ, ನಮ್ಮ ವ್ಯಾಖ್ಯಾನವು ಯಾರ ಬಾಯನ್ನು ಮುಚ್ಚಿಸುತ್ತಿದೆಯೆಂದು ಪರೀಕ್ಷಿಸಿಕೊಳ್ಳುವುದೇ ಈ ಕೃತಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಉತ್ತರ.