ಬಿಷಪ್ಪನ ಕಡತದೊಳಗಿನ ಹಳ್ಳಿ

ಪ್ರಭು ಕೋಟೆಯಲ್ಲಿ, ಪಾದ್ರಿ ಚರ್ಚಿನಲ್ಲಿ, ರೈತ ಹೊಲದಲ್ಲಿ. ಮಧ್ಯಯುಗದ ಯೂರೋಪನ್ನು ನಾವು ಶಾಲೆಯಲ್ಲಿ ಕಲಿತದ್ದು ಹೀಗೆ. ಫ್ರೆಂಚ್ ಇತಿಹಾಸಕಾರ ಎಮಾನ್ಯುಯೆಲ್ ಲ ರುವಾ ಲದುರಿಯವರ ‘ಮೋಂತಾಯು’ (1975) ಈ ಮೂವರನ್ನೂ ಒಂದೇ ಬೀದಿಗೆ ತಂದು ನಿಲ್ಲಿಸುತ್ತದೆ.

ಮೋಂತಾಯು ಪಿರನೀಸ್ ಬೆಟ್ಟಗಳಲ್ಲಿ ಸುಮಾರು 250 ಜನರಿದ್ದ ಹಳ್ಳಿ. ಅಲ್ಲಿನ ಕ್ಲೆರ್ಗ್ ಮನೆತನದ ಬೆರ್ನಾರ್, ಫುವಾ ಕೌಂಟನ ಪರವಾಗಿ ಕಂದಾಯ ಎತ್ತಿ ನ್ಯಾಯ ನೋಡುವ ಅಧಿಕಾರಿ. ಅವನ ಒಡಹುಟ್ಟಿದ ಪಿಯೇರ್ ಊರಿನ ಪಾದ್ರಿ. ಪ್ರಭುತ್ವವೂ ಚರ್ಚೂ ಒಂದೇ ಒಲೆಯ ಮುಂದೆ ಕೂತು ಉಣ್ಣುತ್ತಿದ್ದವು. ಪಿಯೇರ್ ಗುಟ್ಟಾಗಿ, ಚರ್ಚು ಧರ್ಮವಿರೋಧಿ ಎಂದು ಸಾರಿದ್ದ ಕಥಾರ್ ಪಂಥದ ಕಡೆಯವನು. ಅದೇ ಆರೋಪ ಹೊರಿಸಿ ತನಗಾಗದವರನ್ನು ಸೆರೆಗೆ ಕಳಿಸಬಲ್ಲವನೂ ಅವನೇ. ಕ್ಲೆರ್ಗರ ಗುಟ್ಟನ್ನು ಬಾಯಿಬಿಟ್ಟ ಮೆಂಗಾರ್ದ್ ಮೋರ್ಸ್ ಎಂಬ ಹೆಂಗಸಿನ ನಾಲಿಗೆ ಕತ್ತರಿಸಲಾಯಿತು. ಆ ಊರಿನಲ್ಲಿ ಅಧಿಕಾರ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಇದೊಂದೇ ಸಂಗತಿ ಸಾಕು.

ಇದೆಲ್ಲ ಸಿಕ್ಕಿದ್ದು ಪಾಮಿಯೆಯ ಬಿಷಪ್ ಜಾಕ್ ಫೂರ್ನಿಯೆ 1318ರಿಂದ 1325ರವರೆಗೆ ನಡೆಸಿದ ಧರ್ಮವಿಚಾರಣೆಯ ಕಡತದಲ್ಲಿ. ಕುರಿಗಾಹಿ ಪಿಯೇರ್ ಮೋರಿಯ ವಲಸೆಯ ಬದುಕು, ಕೋಟೆಯೊಡತಿ ಬೆಯಾತ್ರಿಸಳ ಪ್ರೇಮ, ಬಿಸಿಲಿಗೆ ಕೂತು ಒಬ್ಬರ ತಲೆಯ ಹೇನು ಇನ್ನೊಬ್ಬರು ತೆಗೆಯುತ್ತ ಆಡಿದ ಮಾತು, ಯಾವುದನ್ನೂ ಲದುರಿ ಬಿಟ್ಟಿಲ್ಲ. ಜನಸಾಮಾನ್ಯರನ್ನು ಇಷ್ಟು ಹತ್ತಿರದಿಂದ ಕಾಣಿಸಿದ ಇತಿಹಾಸ ಗ್ರಂಥಗಳು ಬಹಳ ಕಡಿಮೆ.

ನನ್ನ ತಕರಾರೂ ಇಲ್ಲೇ ಇದೆ. ಲದುರಿ ಈ ಕಡತವನ್ನು ಮಾನವಶಾಸ್ತ್ರಜ್ಞನ ಟಿಪ್ಪಣಿಯಂತೆ ಓದುತ್ತಾರೆ. ಆದರೆ ಫೂರ್ನಿಯೆಯ ತಾಳ್ಮೆಯ ಬೆನ್ನಿಗೆ ಸೆರೆಮನೆಯಿತ್ತು. ಅವನ ವಿಚಾರಣೆಯಲ್ಲಿ ಐವರನ್ನು ಜೀವಂತ ಸುಡಲಾಯಿತು, ಬೇರೆ ಹಲವರು ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿದುಕೊಂಡು ಊರಿನವರೆದುರು ತಿರುಗಬೇಕಾಯಿತು. ಹಳ್ಳಿಯವರು ತಮ್ಮ ಆಕ್ಸಿಟನ್ ನುಡಿಯಲ್ಲಿ ಅಂಜಿ ಹೇಳಿದ್ದನ್ನು ಬರಹಗಾರರು ಲ್ಯಾಟಿನ್ನಿನಲ್ಲಿ ಬರೆದುಕೊಂಡರು. ಅದನ್ನೇ ಹಳ್ಳಿಯ ಸಹಜ ದನಿ ಎಂದು ನಾನು ಒಪ್ಪಲಾರೆ. ಅಂಜಿದವರು ಸುಳ್ಳೇ ಹೇಳುತ್ತಾರೆಂದಲ್ಲ, ಯಾರನ್ನು ಉಳಿಸಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬ ಲೆಕ್ಕ ಅವರ ಮಾತಿನೊಳಗೆ ಇದ್ದೇ ಇರುತ್ತದೆ.

ದಶಮಾಂಶದ, ಅಂದರೆ ಚರ್ಚಿಗೆ ಸಲ್ಲಬೇಕಿದ್ದ ಹತ್ತನೇ ಒಂದು ಪಾಲಿನ, ಪುಟಗಳಲ್ಲಿ ಮಾತ್ರ ಲದುರಿ ಬಿಷಪ್ಪನ ಅಧಿಕಾರದ ಒತ್ತಡವನ್ನು ಚೆನ್ನಾಗಿ ಹಿಡಿದಿದ್ದಾರೆ. ಕುರಿಮರಿಗಳಲ್ಲೂ ಚರ್ಚಿಗೆ ಪಾಲು ಕೊಡಬೇಕೆಂದು ಫೂರ್ನಿಯೆ ಪಟ್ಟು ಹಿಡಿದ. ಕುರಿಯನ್ನೇ ನಂಬಿದ್ದ ಬೆಟ್ಟದ ಜನ ಸಿಡಿದೆದ್ದರು. ಅವರ ಧರ್ಮವಿರೋಧದಲ್ಲಿ ಹೊಟ್ಟೆಪಾಡಿನ ಸಂಕಟವೂ ಬೆರೆತಿತ್ತು.

‘ಮೋಂತಾಯು’ ಓದಲೇಬೇಕಾದ ಪುಸ್ತಕ. ಓದುವಾಗ ಮಾತ್ರ, ಪ್ರತಿ ಹೇಳಿಕೆಯ ಎದುರಿಗೆ ಪ್ರಶ್ನೆ ಕೇಳುತ್ತ ಕೂತಿದ್ದವನು ಮುಂದೆ 1334ರಲ್ಲಿ ಪೋಪ್ ಆದ ಬಿಷಪ್ ಎಂಬುದನ್ನು ಮರೆಯಬೇಡಿ.