ಟ್ರಾಕ್ವೇರ್ ಮನೆ: ನಾಲ್ಕು ಸಾಲು, ಅವುಗಳ ಅರ್ಥ

ಸ್ಕಾಟ್ಲೆಂಡಿನ ದಕ್ಷಿಣ ಗಡಿಸೀಮೆಯಲ್ಲಿ, ಟ್ವೀಡ್ ನದಿಯ ಬಳಿ ಟ್ರಾಕ್ವೇರ್ ಎಂಬ ಹಳೆಯ ಮನೆಯಿದೆ. ಅದರ ಮೇಲೆ ನಾನೇ ಕಟ್ಟಿದ ನಾಲ್ಕು ಸಾಲುಗಳಿಗೆ ಈ ವ್ಯಾಖ್ಯಾನ.

ಬೇಟೆಗೆ ಬಂದ ಅರಸರಿಗೆ ಹೊಳೆದಂಡೆಯ ಬಿಡಾರ;

ಅರಮನೆ ಎನ್ನದೆ ‘ಬಿಡಾರ’ ಎಂದದ್ದು ಬೇಕೆಂದೇ. 12ನೆಯ ಶತಮಾನದಲ್ಲಿ ಸ್ಕಾಟ್ ದೊರೆಗಳು ಬೇಟೆಗೆ ಬಂದಾಗ ಇಲ್ಲಿ ತಂಗುತ್ತಿದ್ದರು. 1491ರಲ್ಲಿ ಇದು ಸ್ಟುವರ್ಟ್ ಮನೆತನದ ಕೈಸೇರಿತು.

ಮಾಳಿಗೆಯ ಮೇಲೆ ಮಾಳಿಗೆ ಏರಿತು, ಹೊಳೆ ಆಚೆ ಸರಿಯಿತು;

ಒಂದೇ ನಕ್ಷೆಯಿಂದ ಎದ್ದ ಮನೆಯಲ್ಲ ಇದು. ಹಳೆಯ ಗೋಪುರವೊಂದಕ್ಕೆ ತಲೆಮಾರುಗಳು ಕೋಣೆ ಸೇರಿಸುತ್ತ ಹೋದವು. ಬಿಳಿ ಗಾರೆಯ ಗೋಡೆಯಲ್ಲಿ ಕಿಟಕಿಗಳು ಒಂದರ ನೇರಕ್ಕೆ ಒಂದಿಲ್ಲದಿರುವುದು ಅದಕ್ಕೇ. ನನ್ನ ಕಣ್ಣಿಗೆ ಅದೇ ಈ ಮುಖದ ಚೆಲುವು. ‘ಸರಿಯಿತು’ ಎಂಬ ಕ್ರಿಯೆಗೆ ನಿಜವಾದ ಕರ್ತೃ ಹೊಳೆಯಲ್ಲ, ಈ ಮನೆತನದ ಮೊದಲನೆಯ ಅರ್ಲ್ (ಅರ್ಲ್ ಎಂದರೆ ಒಂದು ಶ್ರೀಮಂತ ಪದವಿ) ಜಾನ್ ಸ್ಟುವರ್ಟ್. ಗೋಡೆಗೆ ತೀರ ಹತ್ತಿರ ಹರಿಯುತ್ತಿದ್ದ ಟ್ವೀಡ್ ನದಿಯ ಪಾತ್ರವನ್ನೇ ಆತ 17ನೆಯ ಶತಮಾನದಲ್ಲಿ ತಿರುಗಿಸಿದ.

ಕಪಾಟಿನ ಹಿಂದೆ ಮೆಟ್ಟಿಲು, ಮೆಟ್ಟಿಲ ಮೇಲೆ ಬಿಗಿಹಿಡಿದ ಉಸಿರು;

ಇದೇ ಪದ್ಯದ ನಡುಗಂಬ. ಕ್ಯಾಥೊಲಿಕ್ ಪೂಜೆಗೆ ನಿಷೇಧವಿದ್ದ ಕಾಲದಲ್ಲಿ ಮನೆಯವರು ಪಾದ್ರಿಯನ್ನು ಮೇಲಂತಸ್ತಿನ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದರು. ಹುಡುಕಲು ಬಂದವರ ಸದ್ದು ಕೇಳಿದರೆ ಪಾದ್ರಿ ಕಪಾಟಿನ ಹಿಂದಿನ ಗುಪ್ತ ಮೆಟ್ಟಿಲಿನಿಂದ ಇಳಿದು ಪಾರಾಗಬೇಕು. ‘ಬಿಗಿಹಿಡಿದ ಉಸಿರು’ ಅವನೊಬ್ಬನದಲ್ಲ, ಇಡೀ ಮನೆಯದು. ಆ ನಂಬಿಕೆಗೆ ಅವರು ಅಧಿಕಾರವನ್ನೂ ಹಣವನ್ನೂ ತೆತ್ತರು. 1690ರ ದಶಕದಲ್ಲಿ ವಾಸ್ತುಶಿಲ್ಪಿ ಜೇಮ್ಸ್ ಸ್ಮಿತ್ ಅಂಗಳದ ಎರಡು ಪಕ್ಕಗಳನ್ನು ರೂಪಿಸಿದ ಮೇಲೆ ಇಲ್ಲಿ ದೊಡ್ಡ ಕಟ್ಟೋಣ ನಡೆಯಲಿಲ್ಲ. ಮುಂದಿನ ಶತಮಾನದಲ್ಲಿ ಸಿರಿವಂತ ನೆರೆಹೊರೆಯವರು ಹಳೆಯ ಗೋಪುರಗಳನ್ನು ಕೆಡವಿ ಹೊಸ ಮಾದರಿಯ ಬಂಗಲೆ ಕಟ್ಟಿಸುತ್ತಿದ್ದಾಗ ಟ್ರಾಕ್ವೇರ್ ಇದ್ದ ಹಾಗೇ ಉಳಿಯಿತು. ಬಡತನ ಅದನ್ನು ಕಾಪಾಡಿತು ಎಂದೇ ನಾನು ನಂಬುತ್ತೇನೆ.

ಕರಡಿಗಳು ಕಾಯುತ್ತಿವೆ, ಬಾಗಿಲು ತೆರೆದಿಲ್ಲ.

1738ರ ಸುಮಾರಿಗೆ ಎದ್ದ ಹೆಬ್ಬಾಗಿಲಿನ ಎರಡು ಕಂಬಗಳ ಮೇಲೆ ಕಲ್ಲಿನ ಕರಡಿಗಳಿವೆ. 1745ರಲ್ಲಿ, ಪಟ್ಟ ಕಳೆದುಕೊಂಡಿದ್ದ ಸ್ಟುವರ್ಟ್ ರಾಜವಂಶಕ್ಕಾಗಿ ದಂಡೆದ್ದು ಬಂದ ರಾಜಕುಮಾರ ಚಾರ್ಲ್ಸ್‌ನನ್ನು ಬೀಳ್ಕೊಟ್ಟ ಐದನೆಯ ಅರ್ಲ್, ಸ್ಟುವರ್ಟ್ ದೊರೆ ಮತ್ತೆ ಪಟ್ಟವೇರುವ ತನಕ ಬಾಗಿಲು ತೆರೆಯಕೂಡದೆಂದು ಮುಚ್ಚಿಸಿದನಂತೆ. ಪಾಠಾಂತರವೂ ಉಂಟು: ಮುಂದಿನ ಅರ್ಲ್ ಒಬ್ಬ ಮಡದಿ ತೀರಿಕೊಂಡಾಗ ಮುಚ್ಚಿಸಿದ ಎನ್ನುತ್ತಾರೆ. ನನ್ನ ಒಲವು ಮೊದಲನೆಯದರ ಕಡೆಗೆ. ಏಕೆಂದರೆ ‘ಕಾಯು’ ಎಂಬಲ್ಲಿ ಶ್ಲೇಷೆಯಿದೆ: ಕಾವಲಿರುವುದೂ ಕಾಯುವುದೇ, ಬರುವವನಿಗಾಗಿ ದಾರಿ ನೋಡುವುದೂ ಕಾಯುವುದೇ. ಅರ್ಲ್ ಪದವಿ 1861ರಲ್ಲಿ ಮುಗಿಯಿತು. ಬಂಧುಬಳಗಕ್ಕೆ ಇಳಿದ ಮನೆಯಲ್ಲಿ ಇಂದಿಗೂ ಮನೆಯವರಿದ್ದಾರೆ. ಹೆಬ್ಬಾಗಿಲಿನ ಹಾದಿಯಲ್ಲಿ ಹುಲ್ಲು ಬೆಳೆದಿದೆ. ಅವರು ಪಕ್ಕದ ದಾರಿಯಲ್ಲೇ ಓಡಾಡುತ್ತಾರೆ.